ನಾಯಿಗಳಿಗೂ ನನಗೂ ಸಂಬಂಧವಿಲ್ಲ

ಇಂಥ ಫಜೀತಿಗಳೆಲ್ಲ ಹೆದರುವವರನ್ನೇ ಹುಡುಕಿಕೊಂಡು ಬರುತ್ತವೋ ಏನೋ, ನನಗಂತೂ ಒಂದಾದ ಮೇಲೊಂದು ಆಗುತ್ತಲೇ ಇರುತ್ತವೆ. ನಾನು ಹುಟ್ಟಿನಿಂದಲೇ ಪುಕ್ಕಲ. ಹಲ್ಲಿಯಿಂದ ಹಿಡಿದು ಹಸುವಿನವರೆಗೆ, ನಾಲ್ಕು ಕಾಲಿರುವ ಯಾವುದನ್ನು ಕಂಡರೂ ನನ್ನ ಎರಡು ಕಾಲು ನಡುಗುತ್ತವೆ. ಇದನ್ನು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಮುಚ್ಚಿಡೋಣವೆಂದರೂ ಬೀದಿಯವರೆಲ್ಲ ನೋಡಿಯಾಗಿದೆ. ಇಂಥ ನನ್ನನ್ನು ಈ ಊರಿನ ನಿಯಮಗಳು ಎರಡು ಸಲ ಪ್ರಾಣಿಗಳ ಯಜಮಾನನನ್ನಾಗಿ ಮಾಡಿದವು.

ಕರಾರು ಪತ್ರ

ವಿಮಾ ಕಚೇರಿಯ ಕೆಲಸದಲ್ಲಿ ದಾವಣಗೆರೆಯಿಂದ ಹಲಸೂರಿಗೆ ವರ್ಗವಾದಾಗ ಎರಡು ತಿಂಗಳು ಮನೆ ಹುಡುಕಿದೆ. ಒಂದು ಮನೆಯಲ್ಲಿ ನೀರಿಲ್ಲ, ಇನ್ನೊಂದರಲ್ಲಿ ಬೆಳಕಿಲ್ಲ, ಎರಡೂ ಇದ್ದ ಮನೆಯ ಗೇಟಿನಲ್ಲಿ ನಾಯಿ. ಕೊನೆಗೆ ದೊಮ್ಮಲೂರಿನಲ್ಲಿ ಒಂದು ಮೊದಲ ಮಹಡಿ ಸಿಕ್ಕಿತು. ಕೆಳಗಡೆ ಓನರ್ ಅಮ್ಮ ಒಬ್ಬರೇ. ಕ್ಯಾಂಟೋನ್ಮೆಂಟಿನಲ್ಲಿ ಹುಟ್ಟಿ ಬೆಳೆದವರು, ಮನೆಮಾತು ತಮಿಳು, ಬಾಡಿಗೆದಾರರ ಹತ್ತಿರ ಮಾತ್ರ ಕಟ್ಟುನಿಟ್ಟಾದ ಕನ್ನಡ. ಪ್ರತಿ ಶುಕ್ರವಾರ ಹಲಸೂರಿನ ದೇವಸ್ಥಾನಕ್ಕೆ ಹೋಗುತ್ತಾರೆ. ಆಟೋ ಗೇಟಿಗೆ ಅಂಟಿಕೊಂಡೇ ನಿಲ್ಲಬೇಕು. ಮಂಡಿ ನೋವಂತೆ, ಬೀದಿಯಲ್ಲಿ ಒಂದು ಹೆಜ್ಜೆಯನ್ನೂ ಇಡಲಾರರಂತೆ.

ಅವರು ಕೊಟ್ಟ ಕರಾರು ಪತ್ರದಲ್ಲಿ ಹೀಗಿತ್ತು: 'ನಾಯಿ, ಬೆಕ್ಕು, ಕೋಳಿ, ಕುರಿ, ಮೊಲ, ಗಿಳಿ ಇತ್ಯಾದಿ ಯಾವುದನ್ನಾದರೂ ಸಾಕಿದರೆ ಅಥವಾ ಸಾಕುವವರೆಂದು ತಿಳಿದುಬಂದರೆ ಒಂದು ತಿಂಗಳಲ್ಲಿ ಮನೆ ಖಾಲಿ ಮಾಡತಕ್ಕದ್ದು.'

ಇಷ್ಟು ಚೆನ್ನಾಗಿರುವ ವಾಕ್ಯವನ್ನು ನಾನು ಅದುವರೆಗೆ ಓದಿರಲಿಲ್ಲ. ನೆಮ್ಮದಿಯಿಂದ ಸಹಿ ಹಾಕಿದೆ.

"ಸರಿಯಾಗ್ ಓದ್ಕೊಳ್ಳಿ ಸಾರ್. ಆಮೇಲೆ ಮಗು ಕೇಳ್ತು, ನಾಯಿ ತಂದೆ ಅನ್ಬೇಡಿ."

"ಓದಿದೀನಿ ಅಮ್ಮ. ಇದಕ್ಕೆ ಅಕ್ಕಪಕ್ಕದ ಮನೆಯವರ ಸಹಿನೂ ಹಾಕಿಸ್ಬಹುದಾ?"

ಬಿಸ್ಕತ್ತು

ಮನೆ ಭದ್ರವಾಗಿತ್ತು. ಆದರೆ ಮನೆಯಿಂದ ಬಸ್ ಸ್ಟಾಪಿಗೆ ಐದು ನಿಮಿಷದ ದಾರಿ, ಆ ದಾರಿಯಲ್ಲಿ ಮೂರು ನಾಯಿ. ಅವುಗಳಲ್ಲಿ ದೊಡ್ಡದನ್ನು ಬೀದಿಯ ಮಕ್ಕಳು ಕರಿಯ ಎಂದು ಕರೆಯುತ್ತಿದ್ದರು. ಕರಿಯ ಬೊಗಳುತ್ತಿರಲಿಲ್ಲ. ಸುಮ್ಮನೆ ನನ್ನನ್ನೇ ನೋಡುತ್ತಿತ್ತು, ಮತ್ತು ನನಗೆ ಅದೇ ಹೆಚ್ಚು ಭಯ.

ಆಫೀಸಿನಲ್ಲಿ ಒಬ್ಬರು, "ಕಲ್ಲು ಎತ್ಕೊಳ್ಳೋ ಹಾಗೆ ಬಗ್ಗಿ ಗುರು, ಓಡೋಗ್ತವೆ" ಎಂದರು. ಮರುದಿನ ಬಗ್ಗಿದೆ. ಸೊಂಟ ಹಿಡಿದುಕೊಂಡಿತು. ಏಳಲು ಆಗಲಿಲ್ಲ. ಮೂರೂ ನಾಯಿಗಳು ಹತ್ತಿರ ಬಂದು, ಏನು ಹುಡುಕುತ್ತಿದ್ದಾನೆ ಇವನು ಎಂದು ತಾವೂ ನೆಲ ಮೂಸತೊಡಗಿದವು. ಜೇಬಿನಲ್ಲಿ ಮಗಳ ಬಿಸ್ಕತ್ತಿನ ಪೊಟ್ಟಣವಿತ್ತು. ಅದನ್ನೇ ಒಡೆದು ದೂರಕ್ಕೆ ಎಸೆದೆ. ನಾಯಿಗಳು ಅತ್ತ ಹೋದವು, ನಾನು ಸೊಂಟ ಬಗ್ಗಿಸಿಕೊಂಡೇ ಇತ್ತ ಹೋದೆ.

ಅಂದಿನಿಂದ ಅದೇ ಪದ್ಧತಿಯಾಯಿತು. ನಾಯಿ ಕಂಡೊಡನೆ ಬಿಸ್ಕತ್ತನ್ನು ಬಲಕ್ಕೆ ಎಸೆಯುವುದು, ಎಡಕ್ಕೆ ಓಡುವುದು. ಇದು ಪ್ರೀತಿಯಲ್ಲ, ಲಂಚ. ಆದರೆ ಸುದ್ದಿ ಹೇಗೋ ಹರಡಿ, ತಿಂಗಳಲ್ಲಿ ಮೂರು ಇದ್ದವು ಏಳಾದವು.

"ದಿನಾ ಎರಡು ಪ್ಯಾಕೆಟ್ ತಗೊಳ್ತೀರಲ್ಲ ಸಾರ್, ಎಷ್ಟು ಮಕ್ಕಳು?" ಎಂದು ಅಂಗಡಿಯವನು ಕೇಳಿದ.

ನಾಯಿಗಳ ಲೆಕ್ಕದಲ್ಲೇ ಇದ್ದ ನಾನು, "ಏಳು" ಎಂದುಬಿಟ್ಟೆ.

ಅವನು ಕೈ ಮುಗಿದ.

ಹಗ್ಗ

ಹಲಸೂರಿನಲ್ಲಿ ನಮ್ಮ ಕಚೇರಿಯ ಗೇಟಿನ ಮುಂದೆ ಬೆಳಿಗ್ಗೆ ಒಬ್ಬ ಹಾಲಿನವನು ಹಸು ಹಿಡಿದುಕೊಂಡು ನಿಲ್ಲುತ್ತಿದ್ದ. ಒಂದು ದಿನ ನಾನು ಗೋಡೆಗೆ ಒರಸಿಕೊಂಡು, ಉಸಿರು ಬಿಗಿಹಿಡಿದು ದಾಟುತ್ತಿದ್ದಾಗ, "ಒಂದ್ನಿಮಿಷ ಹಿಡ್ಕೊಳ್ಳಿ ಸಾರ್, ಟೀ ಕುಡ್ದು ಬಂದೆ" ಎಂದು ಹಗ್ಗವನ್ನು ನನ್ನ ಕೈಗಿಟ್ಟು ಹೋದ. ಬೇಡ ಎನ್ನುವಷ್ಟರಲ್ಲಿ ಅವನು ರಸ್ತೆ ದಾಟಿಯಾಗಿತ್ತು. ಹಸುವಿನ ಕೊಂಬು ನನ್ನ ಹೊಟ್ಟೆಯಿಂದ ಒಂದು ಗೇಣು ದೂರದಲ್ಲಿತ್ತು.

ಅವನು ಟೀ ಕುಡಿಯಲು ಅಷ್ಟು ಅವಸರದಿಂದ ಹೋದದ್ದೇಕೆಂದು ಆಗ ಗೊತ್ತಾಯಿತು. ದನ ಹಿಡಿಯುವ ಗಾಡಿ ಬಂದು ನಿಂತಿತು. ದನಗಳನ್ನು ರಸ್ತೆಗೆ ಬಿಡಬಾರದೆಂಬ ನಿಯಮ ಬಿಗಿಯಾಗಿದ್ದ ದಿನಗಳವು. ಕೈಯಲ್ಲಿ ಪುಸ್ತಕ ಹಿಡಿದ ಒಬ್ಬರು ಇಳಿದರು.

"ಹಸು ನಿಮ್ದಾ?"

"ಅಲ್ಲ ಸಾರ್."

"ಹಗ್ಗ ನಿಮ್ ಕೈಲಿದೆ?"

ಹಗ್ಗ ಬಿಟ್ಟೆ. ಹಸು ಹೋಗಲಿಲ್ಲ. ಮುಂದೆ ಬಂದು ನನ್ನ ಅಂಗಿಯ ತೋಳನ್ನು ನೆಕ್ಕತೊಡಗಿತು.

"ಇಷ್ಟು ಪ್ರೀತಿಯಾಗಿದೆ, ನಿಮ್ದಲ್ಲ ಅಂತೀರಾ? ಇದರ ಹೆಸರೇನ್ರೀ?"

ಕಣ್ಣು ಮುಚ್ಚಿಕೊಂಡು ಬಾಯಿಗೆ ಬಂದದ್ದನ್ನು ಹೇಳಿದೆ. "ಲಕ್ಷ್ಮಿ."

ಹಸು "ಅಂಬಾ" ಎಂದಿತು.

ನನ್ನ ಹೆಸರು, ಮನೆ ವಿಳಾಸ ಬರೆದುಕೊಂಡು, ಇದೊಂದು ಸಲ ಎಚ್ಚರಿಕೆ ಎಂದು ಚೀಟಿ ಕೊಟ್ಟು ಹೋದರು. ಗಾಡಿ ಮರೆಯಾದ ಮೇಲೆ ಹಾಲಿನವನು ಬಂದ. ಬೈಯಬೇಕೆಂದು ಬಾಯಿ ತೆರೆದೆ. ಅವನು ಹಗ್ಗ ತೆಗೆದುಕೊಂಡು ಬೆರಗಿನಿಂದ, "ಇವಳ ಹೆಸರು ನಿಮ್ಗೆ ಯಾರ್ ಹೇಳಿದ್ರು ಸಾರ್?" ಎಂದ.

ಊಟದ ಜಾಗ

ಬೀದಿನಾಯಿಗಳಿಗೆ ಎಲ್ಲೆಂದರಲ್ಲಿ ಊಟ ಹಾಕಬಾರದು, ಪ್ರತಿ ಬೀದಿಯವರೂ ಒಂದು ಜಾಗ ಗುರುತಿಸಿ ಅಲ್ಲೇ ಹಾಕಬೇಕು ಎಂಬ ಸೂಚನೆ ಬಂತು. ಬೀದಿಯ ಸಂಘದವರು ಸಭೆ ಕರೆದರು. ಸಭೆಯ ಮುಖ್ಯಸ್ಥರು ನಮ್ಮ ಎದುರುಮನೆಯವರು. ವಿಮಾನಪುರದ ಕಡೆ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಿಡಿಭಾಗಗಳ ತಪಾಸಣೆ ಮಾಡಿ ನಿವೃತ್ತರಾದವರು, ಎಲ್ಲರ ಬಾಯಲ್ಲೂ ಇನ್‌ಸ್ಪೆಕ್ಟರ್ ಸಾರ್. ಆಗ ಬೋಲ್ಟು ನಟ್ಟುಗಳಲ್ಲಿ ತಪ್ಪು ಹುಡುಕುತ್ತಿದ್ದರು, ಈಗ ನಮ್ಮಲ್ಲಿ.

ಒಬ್ಬೊಬ್ಬರೂ ಎದ್ದು ಬೇರೆಯವರ ಮನೆಯ ಮುಂದಿನ ಜಾಗವನ್ನು ಬಾಯಿ ತುಂಬ ಹೊಗಳಿದರು. ನೆರಳಿದೆ, ಗಾಳಿ ಚೆನ್ನಾಗಿದೆ, ಆ ಮನೆಯವರು ತುಂಬ ಒಳ್ಳೆಯವರು. ಎರಡು ಗಂಟೆಯ ಜಗಳದ ನಂತರ ಬೀದಿಯ ಕೊನೆಯ ಮೋರಿಯ ಪಕ್ಕದ ಮೂಲೆ ನಿಶ್ಚಯವಾಯಿತು. ಇನ್‌ಸ್ಪೆಕ್ಟರ್ ಸಾರ್ ತಾವೇ ನಿಂತು ಬೋರ್ಡ್ ಹಾಕಿಸಿದರು.

ಒಂದು ವಾರ ಕಳೆದರೂ ಒಂದು ನಾಯಿಯೂ ಅತ್ತ ಸುಳಿಯಲಿಲ್ಲ. ಅವರು ಬೋರ್ಡನ್ನು ಮೇಲೆ ಕೆಳಗೆ ನೋಡಿ, "ಇಷ್ಟು ದಪ್ಪ ಅಕ್ಷರದಲ್ಲಿ ಬರೆಸಿದೀನಿ, ಆದ್ರೂ ಬರ್ತಿಲ್ವಲ್ರೀ!" ಎಂದರು.

ಫೋಟೋ

ನಾಯಿಗಳು ಅಲ್ಲಿಗೇಕೆ ಹೋಗುತ್ತಿಲ್ಲ ಎಂದು ಅವರು ತಪಾಸಣೆಗೆ ಇಳಿದರು. ಮೂರನೆಯ ದಿನ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ನನ್ನ ಫೋಟೋ ಬಂತು. ಕೈ ಮೇಲೆತ್ತಿ ನಿಂತಿದ್ದೇನೆ. ಸುತ್ತ ಏಳು ನಾಯಿಗಳು ಭಕ್ತಿಯಿಂದ ತಲೆ ಎತ್ತಿ ನೋಡುತ್ತಿವೆ. ನನ್ನ ಮುಖದಲ್ಲಿದ್ದದ್ದು ಸಾವಿನ ಭಯ. ಫೋಟೋದಲ್ಲಿ ಮಾತ್ರ ಅದು ಕರುಣೆಯ ಹಾಗೆ ಬಿದ್ದಿತ್ತು.

ನಾಲ್ಕನೆಯ ದಿನ ವಾರ್ಡ್ ಕಚೇರಿಯಿಂದ ನೋಟಿಸು ಬಂತು. 'ಗುರುತಿಸದ ಜಾಗದಲ್ಲಿ ಬೀದಿನಾಯಿಗಳನ್ನು ಪೋಷಿಸುತ್ತಿರುವ ನೀವು ಖುದ್ದಾಗಿ ಬಂದು ಉತ್ತರಿಸತಕ್ಕದ್ದು.' ಅದನ್ನು ಸಹಿ ಹಾಕಿ ಪಡೆದವರು ಓನರ್ ಅಮ್ಮ. ಕರಾರು ಪತ್ರವನ್ನೂ ಜೊತೆಗೆ ಹಿಡಿದು ಮೇಲೆ ಬಂದರು. ಸಿಟ್ಟಿಗೆ ಕನ್ನಡದಲ್ಲಿ ತಮಿಳು ನುಸುಳಿತ್ತು.

"ಎನ್ನ ಸಾರ್ ಇದು? ಏಳು ನಾಯಿ ಸಾಕ್ತಾ ಇದೀರಾ?"

"ಅಮ್ಮ, ನಾನು ನಾಯಿಗೆ ಹೆದರ್ತೀನಿ!"

"ಹೆದರೋರು ಯಾರಾದ್ರೂ ಊಟ ಹಾಕ್ತಾರಾ? ನಾಯಿಗೂ ನಿಮಗೂ ಸಂಬಂಧ ಇಲ್ಲ ಅಂತ ಆ ಆಫೀಸರ್ ಹೇಳ್ಬೇಕು, ನಾನು ಕಿವಿಯಾರೆ ಕೇಳ್ಬೇಕು. ಇಲ್ಲಾಂದ್ರೆ ತಿಂಗಳಲ್ಲಿ ಮನೆ ಖಾಲಿ."

ಮಗಳ ಶಾಲೆ ಆಗಷ್ಟೇ ಶುರುವಾಗಿತ್ತು. ಮತ್ತೆ ಎರಡು ತಿಂಗಳು ಮನೆ ಹುಡುಕುವುದನ್ನು, ಒಂದೊಂದು ಗೇಟಿನಲ್ಲೂ ಒಂದೊಂದು ನಾಯಿ ನಿಂತಿರುವುದನ್ನು ನೆನೆದು ನನಗೆ ಅನ್ನ ಸೇರಲಿಲ್ಲ. ಹೆಂಡತಿ ಫೋಟೋವನ್ನು ದೊಡ್ಡದು ಮಾಡಿ ನೋಡುತ್ತ, "ಮದ್ವೆ ಫೋಟೋದಲ್ಲೂ ನಿಮ್ ಮುಖ ಇಷ್ಟು ಶಾಂತವಾಗಿ ಬಂದಿಲ್ಲ ರೀ" ಎಂದಳು.

ವಿಚಾರಣೆ

ವಾರ್ಡ್ ಕಚೇರಿ ಬಸ್ ಸ್ಟಾಪಿನ ಪಕ್ಕದಲ್ಲೇ ಇದೆ. ಅಂದು ನಾನು ಬಿಸ್ಕತ್ತು ತೆಗೆದುಕೊಳ್ಳಲಿಲ್ಲ. ನಿರಪರಾಧಿಯ ಜೇಬಿನಲ್ಲಿ ಬಿಸ್ಕತ್ತು ಇರಬಾರದು. ನಾಯಿಗಳು ಎದ್ದು ನಿಂತವು. ನಾನು ದೇವರ ಹೆಸರು ಹೇಳುತ್ತ, ಹಿಂತಿರುಗಿ ನೋಡದೆ ಓಟದ ನಡಿಗೆಯಲ್ಲಿ ಕಚೇರಿ ಸೇರಿದೆ.

ಆಟೋದಲ್ಲಿ ಬಂದಿದ್ದ ಓನರ್ ಅಮ್ಮ ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಮೊಬೈಲ್ ಹಿಡಿದ ಇನ್‌ಸ್ಪೆಕ್ಟರ್ ಸಾರ್. ಅಧಿಕಾರಿ ಹೊಸಬರು, ಹಿಂದಿನ ವಾರದವರೆಗೂ ಬೀದಿದೀಪ ನೋಡಿಕೊಳ್ಳುತ್ತಿದ್ದವರಂತೆ. ಕಂಪ್ಯೂಟರಿನಲ್ಲಿ ನನ್ನ ಹೆಸರು ಹುಡುಕಿ ಹುಬ್ಬೇರಿಸಿದರು.

"ನಿಮ್ ಮೇಲೆ ಹಳೇದೂ ಒಂದಿದೆಯಲ್ರೀ. ಹಸು. ಹೆಸರು ಲಕ್ಷ್ಮಿ."

"ಹಸು ಬೇರೇನಾ!" ಎಂದು ಓನರ್ ಅಮ್ಮ ಎದೆ ಹಿಡಿದುಕೊಂಡರು.

ಕರಾರು ಪತ್ರ ಅವರ ಚೀಲದಿಂದ ಇಣುಕುತ್ತಿತ್ತು. ಇದ್ದ ಧೈರ್ಯವನ್ನೆಲ್ಲ ಒಟ್ಟು ಮಾಡಿ ಹೇಳಿದೆ. "ಸಾರ್, ಅದು ಹಾಲಿನವನ ಹಸು. ಇನ್ನು ನಾಯಿಗಳಿಗೆ ನಾನು ಊಟ ಹಾಕ್ತಿಲ್ಲ, ಭಯಕ್ಕೆ ಎಸೀತಿದೀನಿ. ಭಯ ಅನ್ನೋದು ಗುರುತು ಮಾಡಿದ ಜಾಗದಲ್ಲೇ ಆಗ್ಬೇಕು ಅಂದ್ರೆ ಹೇಗೆ ಸಾರ್? ಮಗಳಾಣೆ, ನಾಯಿಗಳಿಗೂ ನನಗೂ ಯಾವ ಸಂಬಂಧವೂ ಇಲ್ಲ!"

ಮೂವರೂ ನನ್ನ ಬೆನ್ನ ಹಿಂದೆ ನೋಡುತ್ತಿದ್ದರು. ತಿರುಗಿದೆ. ಬಾಗಿಲ ಒಳಗೆ ಕರಿಯ ಕೂತಿತ್ತು. ಅದರ ಹಿಂದೆ ಸಾಲಾಗಿ ಇನ್ನೂ ಆರು.

ನಾನು ಗೋಡೆಗೆ ಅಂಟಿಕೊಂಡೆ. ಮಂಡಿ ನೋವಿನ ಓನರ್ ಅಮ್ಮ "ಅಯ್ಯಯ್ಯೋ ಮುರುಗಾ!" ಎಂದು ಒಂದೇ ನೆಗೆತಕ್ಕೆ ಬೆಂಚು ಹತ್ತಿದರು. ಇನ್‌ಸ್ಪೆಕ್ಟರ್ ಸಾರ್ ಅವರ ಪಕ್ಕಕ್ಕೆ ಹತ್ತಿದರು. ಅಧಿಕಾರಿ ಎಲ್ಲಿ ಎಂದು ನೋಡಿದರೆ, ಎರಡು ಕಾಲನ್ನೂ ಕುರ್ಚಿಯ ಮೇಲೆ ಎಳೆದುಕೊಂಡು, ನನ್ನ ಕಡತವನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ಕರಿಯ ಮೇಜಿನ ಹತ್ತಿರ ಬಂದು ಅವರನ್ನು ಸುಮ್ಮನೆ ನೋಡಿತು. ಆ ನೋಟ ನನಗೆ ಗೊತ್ತು.

ಸಣ್ಣ ದನಿಯಲ್ಲಿ ಅಧಿಕಾರಿ ಕೇಳಿದರು. "ಸಾರ್... ಬಿಸ್ಕತ್ ಇದೆಯಾ?"

"ಇಲ್ಲ ಸಾರ್" ಎನ್ನುತ್ತ, ಊಟದ ಚೀಲಕ್ಕೆ ಕೈ ಹಾಕಿದರೆ ಎರಡು ಪೊಟ್ಟಣ. ನನ್ನನ್ನು ಚೆನ್ನಾಗಿ ಬಲ್ಲ ಹೆಂಡತಿ ಹೇಳದೆ ಇಟ್ಟಿದ್ದಳು. ಮೇಜಿನ ಮೇಲೆ ತಳ್ಳಿದೆ.

"ಒಡೆದು ಬಾಗಿಲಿನಾಚೆ ದೂರಕ್ಕೆ ಎಸೀರಿ ಸಾರ್. ಅದರ ಕಣ್ಣು ಮಾತ್ರ ನೋಡ್ಬೇಡಿ."

ಅಧಿಕಾರಿ ಕುರ್ಚಿಯ ಮೇಲೆ ಎದ್ದು ನಿಂತು, ಕೈ ಮೇಲೆತ್ತಿ ಎಸೆದರು. ಅದೇ ಕ್ಷಣಕ್ಕೆ ಬೆಂಚಿನ ಮೇಲಿಂದ ಕ್ಲಿಕ್ ಎಂಬ ಸದ್ದು ಬಂತು. ಇನ್‌ಸ್ಪೆಕ್ಟರ್ ಸಾರ್ ಮೊಬೈಲ್ ಇಳಿಸಿ, ನಡುಗುವ ದನಿಯಲ್ಲೇ ಹೇಳಿದರು. "ಇದೂ ಗುರುತಿಸಿದ ಜಾಗ ಅಲ್ಲ ಸಾರ್."

ನನ್ನ ಮೇಲಿನ ದೂರು ಐದೇ ನಿಮಿಷದಲ್ಲಿ ವಜಾ ಆಯಿತು. ಜೊತೆಗೆ ಹಸುವಿನದೂ.

ಮನೆಯೂ ಉಳಿಯಿತು. ಕರಾರು ನವೀಕರಿಸುವಾಗ ಓನರ್ ಅಮ್ಮ ಹಳೆಯ ಸಾಲನ್ನು ಹಾಗೇ ಬಿಟ್ಟು ಕೆಳಗೆ ಇನ್ನೊಂದು ಸೇರಿಸಿದರು: 'ಪ್ರತಿ ಶುಕ್ರವಾರ ಬಾಡಿಗೆದಾರರು ಎರಡು ಪ್ಯಾಕೆಟ್ ಬಿಸ್ಕತ್ತಿನೊಂದಿಗೆ ಮಾಲೀಕರ ಮುಂದೆ ಮುಂದೆ ನಡೆದು, ಅವರನ್ನು ಬಸ್ ಸ್ಟಾಪಿಗೆ ತಲುಪಿಸತಕ್ಕದ್ದು.'