ಸಗಣಿ ಹುಳಕ್ಕೆ ಟೇಪು ಹಿಡಿದ ಮಾವ

ನಮ್ಮ ಸೋದರಮಾವನಿಗೆ ನಲವತ್ತು ಹತ್ತಿರವಾದರೂ ಮದುವೆಯಾಗಿರಲಿಲ್ಲ. ಕಾರಣ ಜಾತಕವೂ ಅಲ್ಲ, ಶನಿಕಾಟವೂ ಅಲ್ಲ, ಸಗಣಿ ಹುಳ! ನಗಬೇಡಿ. ಅಮ್ಮನ ಎದುರಿಗಂತೂ ನಗಲೇಬೇಡಿ, ಅವಳಿಗೆ ಅವನೊಬ್ಬನೇ ತಮ್ಮ.

ಮಾವ ಹೊನ್ನಾಳಿಯಲ್ಲಿ ದರ್ಜಿ. ಎತ್ತರ ಐದಡಿಗೆ ಒಂದಿಂಚು ಕಮ್ಮಿ. ಕತ್ತರಿಸುವ ಟೇಬಲ್ಲಿನ ಹಿಂದೆ ಅವನು ನಿಂತಿದ್ದರೂ "ಟೇಲರ್ ಎಲ್ಲಿಗೆ ಹೋದ್ರು?" ಎಂದು ಕೇಳಿದ ಗಿರಾಕಿಗಳಿದ್ದಾರೆ. ಇಂಥವನ ಮೊಬೈಲಿಗೆ ಯಾರೋ ಪುಣ್ಯಾತ್ಮರು ಸಗಣಿ ಹುಳಗಳ ವಿಡಿಯೋ ಕಳಿಸಿದರು. ಮುಗಿಯಿತು! ಅಂದಿನಿಂದ ಅಂಗಡಿ ಮುಚ್ಚಿದವನು ನೇರ ತಿಪ್ಪೆ ಕೆದಕಲು ಹೋಗುತ್ತಿದ್ದ. ಸಿಕ್ಕ ಹುಳಗಳ ಕೊಂಬಿಗೆ ಟೇಪು ಹಿಡಿದು ಅಳತೆ ಪುಸ್ತಕದಲ್ಲಿ ಬರೆಯುತ್ತಿದ್ದ. ಒಮ್ಮೆ ಮೇಷ್ಟ್ರೊಬ್ಬರ ಪ್ಯಾಂಟಿನ ಪುಟದಲ್ಲಿ "ಸೊಂಟ ಮೂವತ್ತಾರು, ಉದ್ದ ನಲವತ್ತು, ಕೊಂಬು ಕಾಲಿಂಚು" ಎಂದಿತ್ತು. ಮೇಷ್ಟ್ರು ಅದನ್ನು ಎರಡು ಸಲ ಓದಿ, ಬಟ್ಟೆ ವಾಪಸ್ಸು ಇಸಿದುಕೊಂಡು ಹೋದರು.

"ನೋಡು, ದೊಡ್ಡ ಗಂಡಿಗೆ ಕೊಂಬು ಐತೆ" ಎಂದು ನನಗೆ ಪಾಠ ಮಾಡುತ್ತಿದ್ದ. "ಹೆಣ್ಣು ಇರೋ ಬಿಲದ ಬಾಗಿಲಲ್ಲಿ ನಿಂತು, ಬಂದೋರ ಜೊತೆ ಗುದ್ದಾಡತೈತೆ. ಸಣ್ಣ ಗಂಡಿಗೆ ಕೊಂಬೇ ಇಲ್ಲ. ಅದು ಸುಮ್ನೆ ಪಕ್ಕದಲ್ಲಿ ಬೇರೆ ದಾರಿ ತೋಡ್ಕೊಂಡು ಒಳಗೆ ಹೋಗತೈತೆ." ಮಾವ ಯಾರ ಪಾರ್ಟಿ ಎಂದು ಬೇರೆ ಹೇಳಬೇಕೆ?

ಜಗಳೂರಿನ ಮದುಮಗನೊಬ್ಬ ಕೋಟು ಹೊಲಿಸಲು ಬಂದು, ಭುಜದ ಪ್ಯಾಡು ದಪ್ಪಗಿರಲಿ ಎಂದ.

"ಕೊಂಬು ಬೇಕಂತೀರಿ. ಹಾಕ್ತೀನಿ" ಎಂದ ಮಾವ. "ಆದ್ರೆ ಹುಳಕ್ಕೂ ಬಟ್ಟೆ ಒಂದೇ ಪೀಸು ನೋಡ್ರಿ. ಕೊಂಬಿಗೆ ಜಾಸ್ತಿ ಹೋದ್ರೆ ಕಣ್ಣಿಗೆ ಕಮ್ಮಿ ಬಿದ್ದು, ಕಣ್ಣು ಸಣ್ಣ ಆಗತೈತೆ."

ಮದುಮಗ ಕಣ್ಣುಜ್ಜಿಕೊಂಡು ರೆಡಿಮೇಡ್ ಅಂಗಡಿಗೆ ನಡೆದ.

ಹೆಣ್ಣು ನೋಡಲು ಹೋದಲ್ಲಾದರೂ ಬಾಯಿ ಮುಚ್ಚಿಕೊಂಡಿರಬಾರದೆ? ಚನ್ನಗಿರಿಯಲ್ಲಿ ಹುಡುಗಿಯ ಅಪ್ಪ, "ಏನಾದ್ರೂ ಕೇಳೋದಿದ್ರೆ ಕೇಳ್ರಿ" ಎಂದರು. ಮಾವ ಕೇಳಿದ್ದು, "ನಿಮ್ ತಿಪ್ಪೆ ಎಲ್ಲೈತ್ರಿ?" ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಮ್ಮ ಅವನಿಂದ ಮೂರು ಸೀಟು ದೂರ ಹೋಗಿ ಕೂತಳು.

ಆಮೇಲೆ ಅವನೇ ಹೊಸ ಕಾನೂನು ಹೊರಡಿಸಿದ. "ಇನ್ನು ನಾನು ಹೆಣ್ಣು ನೋಡಾಕೆ ಬರಲ್ಲ, ಅಕ್ಕ. ಎಷ್ಟೋ ಹುಳುಗಳಲ್ಲಿ ಆರಿಸೋದು ಹೆಣ್ಣು. ಅವರೇ ಬಂದು ನನ್ನ ನೋಡ್ಲಿ."

"ನೋಡಿದ್ರೆ ಆರಿಸ್ತಾರೇನೋ ನಿನ್ನ?" ಎಂದು ಅಮ್ಮ ರೇಗಿದಳು. ಮಾವ ಟೇಪನ್ನು ಬೆರಳಿಗೆ ಸುತ್ತತೊಡಗಿದ. ಅವನ ಹೆದರಿಕೆಯೂ ಅದೇ ಆಗಿತ್ತೆಂದು ನನಗೆ ಆಗ ಹೊಳೆಯಲಿಲ್ಲ.

ಕೊನೆಗೂ ಒಬ್ಬಾಕೆ ಗಂಡು ನೋಡಲು ಒಪ್ಪಿ ಮಾವನ ಮನೆಗೇ ಬಂದಳು. ನ್ಯಾಮತಿಯವಳು, ಮನೆಯಲ್ಲೇ ರವಿಕೆ ಹೊಲಿಯುವಾಕೆ. ಜೊತೆಗೆ ಅವಳ ತಾಯಿ. ಮಂಡಕ್ಕಿ ಮಿರ್ಚಿಯ ತಟ್ಟೆ ಹಿಡಿದು ಮಾವನೇ ಒಳಗಿಂದ ಬಂದ. ನೋಡಿದರೆ ಮೈಮೇಲೆ ಕೋಟು! ಸುಡುವ ಬೇಸಿಗೆಯಲ್ಲಿ! ಊರಿನ ಮದುಮಕ್ಕಳನ್ನೆಲ್ಲ ಆಡಿಕೊಂಡವನು ತನ್ನ ಎರಡೂ ಭುಜಕ್ಕೆ ದಿಂಬಿಗಾಗುವಷ್ಟು ಹತ್ತಿ ತುಂಬಿಕೊಂಡಿದ್ದ. ಬಾಗಿಲಲ್ಲಿ ಓರೆಯಾಗಿ ಬಂದ. ನಗಬಾರದೆಂದು ಅಮ್ಮ ನನ್ನ ತೊಡೆ ಚಿವುಟಿದಳು.

ಬೆವರು ಮಿರ್ಚಿಯ ಮೇಲೇ ತೊಟ್ಟಿಕ್ಕುತ್ತಿತ್ತು. ಆಕೆ ಮುಖ ನೋಡಲಿಲ್ಲ, ಮೊದಲು ಭುಜದ ಹೊಲಿಗೆ ನೋಡಿದಳು. ಹೊಲಿಯುವವಳ ಕಣ್ಣಿಗೆ ಮಣ್ಣೆರಚಲು ಆದೀತೆ?

"ಹತ್ತಿ ಜಾಸ್ತಿ ಆತಲ್ರಿ" ಎಂದಳು. "ಸೆಕೆ ಆಗ್ತೈತೆ, ಕೋಟು ತೆಗೀರಿ."

ಮಾವ ತಲೆ ತಗ್ಗಿಸಿದ. "ತೆಗೆದ್ರೆ ಬಾಳ ಸಣ್ಣೋನು ಕಾಣ್ತೀನ್ರಿ."

"ಕಾಣ್ರಿ. ನಾನು ನೋಡಾಕೇ ಬಂದೀನಿ."

ಮಾವ ಕೋಟು ಬಿಚ್ಚಿದ. ಅಂಗಿಯೊಳಗೆ ಅಷ್ಟೇ ಅಷ್ಟು ಮನುಷ್ಯ. ಆಕೆ ಅವನನ್ನು ನಿಧಾನವಾಗಿ ನೋಡಿದಳು, ಮೂಲೆಯ ಹೊಲಿಗೆ ಮಿಷಿನ್ನಿನ ಮೇಲಿದ್ದ ಕತ್ತರಿ ಕೇಳಿ ಇಸಿದುಕೊಂಡಳು, ಕೋಟನ್ನು ಮಡಿಲಿಗೆ ಹಾಕಿಕೊಂಡು ಭುಜದ ಹೊಲಿಗೆ ಬಿಚ್ಚತೊಡಗಿದಳು. ನನಗೆ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಚಿವುಟಿದ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಆಕೆ ಹತ್ತಿ ತೆಗೆದು, ಅವನ ಅಳತೆಗೆ ಹಿಡಿದು ಹೊಲಿದುಕೊಟ್ಟ ಆ ಕೋಟನ್ನೇ ಮಾವ ಮದುವೆಗೂ ಹಾಕಿಕೊಂಡ. ಭುಜಕ್ಕೆ ಸರಿಯಾಗಿ ಕೂತಿತ್ತು.