ಮಾವನ ಡಬ್ಬಿ, ಅತ್ತೆಯ ದನಿ

ಸೂರ್ಯ ಮೂಡುವುದೇ ತನ್ನ ಡಬ್ಬಿಗಳನ್ನು ಚಾರ್ಜ್ ಮಾಡಲು ಎಂದು ನಂಬಿರುವ ಮನುಷ್ಯ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ಮಸೂತಿ ಎಂಬ ಊರಿನಲ್ಲಿರುವ ನನ್ನ ಸೋದರಮಾವ! ಬೇರೆಯವರು ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಾರೆ. ಮಾವ ಕಂಪ್ಯೂಟರ್ ಒಣಹಾಕಿದ್ದಾರೆ.

ಕಂಪ್ಯೂಟರ್ ಎಂದರೆ ಇಸ್ಪೀಟಿನ ಕಟ್ಟಿನಷ್ಟು. ಅದಕ್ಕೆ ಅನ್ನ ಹಾಕಲು ಶಾಲೆಯ ಪಾಟಿಯಷ್ಟು ಸೋಲಾರ್ ಹಲಗೆ. ಅದರ ಕೆಲಸವೇನು ಗೊತ್ತೇ? ಮಾಳಿಗೆಯ ಮೇಲೆ ಬಿಸಿಲೆಷ್ಟಿದೆ ಎಂದು ಪಡಸಾಲೆಯಲ್ಲಿ ಕೂತ ಮಾವನ ಮೊಬೈಲಿಗೆ ತಿಳಿಸುವುದು! "ಇವತ್ತ ಬಿಸಲು ಭಾಳ ಐತಿ" ಎಂದು ಮಾವ ಸಾರುತ್ತಿದ್ದರು. "ಹೊರಗ ಬಂದು ನಿಂದರ್ರಿ, ನಿಮ್ಮ ಬೋಳ ತಲೀನ ಹೇಳ್ತೈತಿ!" ಎಂದು ಅಡುಗೆಮನೆಯಿಂದ ಅತ್ತೆ ಒದರುತ್ತಿದ್ದರು.

ಅತ್ತೆಯ ದನಿ ಸಾಮಾನ್ಯದ್ದಾಗಿರಲಿಲ್ಲ. ಹಳ್ಳದಾಚೆಯ ಮಾವನ ಹೊಲದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ಅತ್ತೆ ಸಿಗುತ್ತಿದ್ದರು. ಮಧ್ಯಾಹ್ನ ಮಾಳಿಗೆ ಏರಿ "ಊಟಕ್ಕ ಬರ್ರೀ" ಎಂದರೆ, ಹೊಲದಿಂದ ಮಾವ "ಬಂದ್ನಿ!" ಎಂದು ಕೂಗುತ್ತಿದ್ದರು.

ಇಷ್ಟಿದ್ದೂ ಮಾವ ಮೊಬೈಲಿನಲ್ಲಿ ಬರೆದ ಸಂದೇಶವನ್ನು ಟವರಿನ ಹಂಗಿಲ್ಲದೆ ದಾಟಿಸುವ ಡಬ್ಬಿಗಳನ್ನು ತರಿಸಿದರು. ಒಂದು ಮಾಳಿಗೆಯ ಮೇಲೆ, ಒಂದು ಹಳ್ಳದ ದಂಡೆಗೆ, ಒಂದು ಹೊಲದ ಬೇವಿನ ಮರಕ್ಕೆ. ಎಲ್ಲವೂ ಬಿಸಿಲಿನಲ್ಲೇ ನಡೆಯುವಂಥವು.

"ಟವರ್ ಇಲ್ಲದ ಹೆಂಗ ಹೋಗ್ತೈತ್ರಿ ಮಾವಾ?" ಎಂದೆ.

"ಚಾದಂಗಡ್ಯಾಗ ಸುದ್ದಿ ಹೆಂಗ ಹೋಗ್ತೈತೋ? ಇಂವಾ ಅವಂಗ ಹೇಳ್ತಾನ, ಅಂವಾ ಮತ್ತೊಬ್ಬಂಗ. ಆದ್ರ ಡಬ್ಬಿ ನಡುವ ತನ್ನದೊಂದು ಮಾತು ಸೇರಸೂದಿಲ್ಲ!"

ಮಾವನಿಗಿದ್ದದ್ದು ಒಂದೇ ಆಸೆ: ಮನೆಯಿಂದ ಅತ್ತೆ ಒಂದಾದರೂ ಸಂದೇಶ ಕಳಿಸಬೇಕು. ದಿನವೂ ಹೊಲದಿಂದ "ಮುಟ್ಟಿತೇನು?" ಎಂದು ಕಳಿಸುತ್ತಿದ್ದರು. ಅತ್ತೆಯ ಮೊಬೈಲಿಗೆ ಅದು ಮುಟ್ಟುತ್ತಿತ್ತು, ಉತ್ತರ ಮಾತ್ರ ಮಾಳಿಗೆಯಿಂದ ಬಾಯಲ್ಲೇ ಬರುತ್ತಿತ್ತು: "ಮುಟ್ಟೇತಿ! ನನಗ ಬಾಯಿಲ್ಲೇನು?"

ಮಹಾನವಮಿಗೆ ಮಾಳಿಗೆಯ ಡಬ್ಬಿ ಸತ್ತಿತು. ಮಾವ ವೈರು ಬಿಚ್ಚಿ, ಬ್ಯಾಟರಿ ಬದಲಿಸಿ, ಸೋತು, ಮುದ್ದೇಬಿಹಾಳದಿಂದ ನನ್ನನ್ನು ಕರೆಸಿದರು. ನಾನು ಮಾಳಿಗೆ ಹತ್ತಿ ನೋಡಿದರೆ ಸೋಲಾರ್ ಹಲಗೆಯ ಉದ್ದಕ್ಕೂ ದಪ್ಪಗೆ ವಿಭೂತಿ, ನಡುವೆ ಕುಂಕುಮ, ಮೇಲೊಂದು ಚೆಂಡುಹೂವಿನ ಮಾಲೆ! ಮಾವ ಕಣ್ಣೆದುರಿನ ಅಲಂಕಾರ ಬಿಟ್ಟು ಒಳಗಿನ ವೈರು ಹುಡುಕಿದ್ದರು.

"ಕುಡುಗೋಲಿಗೆ ಪೂಜಿ ಮಾಡ್ತೀವಿ, ಟ್ರ್ಯಾಕ್ಟರಿಗೆ ಮಾಡ್ತೀವಿ. ನಿಮ್ಮ ಡಬ್ಬಿ ಏನ್ ಪಾಪ ಮಾಡೇತ್ರಿ?" ಎಂದರು ಅತ್ತೆ.

ಮರುದಿನ ವಿಜಯದಶಮಿಯ ಬನ್ನಿ ಕೊಡುವ ತನಕ ಪೂಜೆ ಅಳಿಸುವಂತಿಲ್ಲ. ಹಬ್ಬಕ್ಕೆ ಡಬ್ಬಿಗೂ ರಜೆ ಸಿಕ್ಕಿತು.

ಈ ಚಳಿಗಾಲದಲ್ಲಿ ಅತ್ತೆಗೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಪಕ್ಕದಲ್ಲಿ ಕೂತವರಿಗೂ ಕೇಳದಷ್ಟು ಪಿಸುಮಾತು. ಮಾವ ಬಿಸಿಲಿನ ಸುದ್ದಿ ಸಾರುವುದನ್ನು ನಿಲ್ಲಿಸಿದರು. ಬೈಯುವವರೇ ಇಲ್ಲದ ಮೇಲೆ ಯಾರಿಗೆ ಹೇಳುವುದು? 

ಮೊನ್ನೆ ನಾನೂ ಮಾವನೂ ಹೊಲದಲ್ಲಿದ್ದೆವು. ಮಧ್ಯಾಹ್ನವಾದಂತೆ ಮಾವ ಸುಮ್ಮಸುಮ್ಮನೆ ಊರ ಕಡೆ ನೋಡುತ್ತಿದ್ದರು. ಆಗ ಅವರ ಜೇಬಿನಲ್ಲಿ ಮೊಬೈಲ್ ಗುಂಯ್ ಎಂದಿತು. ಕನ್ನಡಕ ಹುಡುಕಿ ಹಾಕಿಕೊಂಡರು. ನಾನೂ ಬಗ್ಗಿ ಓದಿದೆ.

"ಬಿಸಲು ನಿಮ್ಮ ಡಬ್ಬಿಗಷ್ಟ ಅಲ್ಲ, ತಲೀಗೂ ಬಡೀತೈತಿ. ಊಟಕ್ಕ ಬರ್ರಿ."

ಮಾವ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಕೈಯಲ್ಲಿದ್ದ ಮೊಬೈಲನ್ನೂ ಮರದ ಡಬ್ಬಿಯನ್ನೂ ಮರೆತು, ಊರ ಕಡೆ ತಿರುಗಿ ಇದ್ದಬದ್ದ ಶಕ್ತಿಯಿಂದ ಕೂಗಿದರು:

"ಬಂದ್ನಿ!"