ಮುನ್ನೂರು ಕುಂಬಳಕಾಯಿ ಹುಂಡಿಗಳು

ಇಷ್ಟೆಲ್ಲ ಪಾಡಿಗೂ ಕಾರಣ ಒಂದು ಬಿರಡೆ.

ಅಮೆರಿಕದ ಯಾವುದೋ ಬ್ಯಾಂಕು ಮಕ್ಕಳಿಗೆ ಉಳಿತಾಯ ಕಲಿಸಲೆಂದು ಕುಂಬಳಕಾಯಿ ಆಕಾರದ ಮುನ್ನೂರು ಮರದ ಹುಂಡಿಗಳಿಗೆ ಚನ್ನಪಟ್ಟಣದ ಬಾಲರಾಜುವಿಗೆ ಆರ್ಡರು ಕೊಟ್ಟಿತ್ತು. ಕಳಿಸಿದ ನಕ್ಷೆಯಲ್ಲಿ ಹುಂಡಿಯ ತಳಕ್ಕೆ ಒಂದು ದುಂಡನೆಯ ಗುರುತು. ಅದು ಬಿರಡೆ, ತೆಗೆದರೆ ಕಾಸು ಈಚೆಗೆ ಬರುವ ದಾರಿ. ಬಾಲರಾಜು ಅದನ್ನು ಕಾಫಿ ಲೋಟದ ಕಲೆ ಅಂದುಕೊಂಡ. ಅವನು ಹುಟ್ಟಿದಾಗಿನಿಂದ ಕಂಡದ್ದು ಮಣ್ಣಿನ ಹುಂಡಿ. ತುಂಬಿದ ದಿನ ನೆಲಕ್ಕೆ ಕುಕ್ಕಿ ಒಡೆಯುವುದು. ಒಡೆಯುವ ವಸ್ತುವಿಗೆ ಬಾಗಿಲೇಕೆ?

ಇಪ್ಪತ್ತು ವರ್ಷ ಬೇರೆಯವರ ಹತ್ತಿರ ಬುಗುರಿ ಕಡೆದವನಿಗೆ ಇದು ಸ್ವಂತ ಹೆಸರಿನಲ್ಲಿ ಸಿಕ್ಕ ಮೊದಲ ಆರ್ಡರು. ಆರು ಸಾವಿರ ಅಡ್ವಾನ್ಸು. ಇನ್ನೂ ಅಷ್ಟೇ ಬಂದರೆ ಮರ ಕಡೆಯುವ ಬಾಡಿಗೆ ಲೇತನ್ನು ವಾಪಸು ಕೊಟ್ಟು ಸ್ವಂತದ್ದೊಂದು ಕೊಳ್ಳಬಹುದು. ಮಾಲು ಸರಿಯಿಲ್ಲದಿದ್ದರೆ ಮಾತ್ರ ಅಡ್ವಾನ್ಸೂ ವಾಪಸು. ಎರಡೆರಡು ಹೋಳು ಕಡೆದು, ಅಂಟಿಸಿ, ಸಂದು ಕಾಣದಂತೆ ಕೆಂಪು ಅರಗು ಹತ್ತಿಸಿದ. "ಕಳ್ಳನ ಕೈಗೂ ಸಿಗಾಕಿಲ್ಲ" ಎಂದು ಹೆಂಡತಿ ಪ್ರತಿಮಾ ಮುಂದೆ ಜಂಬ ಬೇರೆ.

ಆರ್ಡರು ತಂದುಕೊಟ್ಟಿದ್ದ ಏಜೆಂಟು ವೀರೇಂದ್ರ ಮಾಲು ನೋಡಲು ಬರುವ ದಿನ ಬೆಳಿಗ್ಗೆ ಎಣಿಸಿದರೆ ಒಂದು ಕಡಿಮೆ. ಪ್ರತಿಮಾ ದೇವರ ಗೂಡಿನಲ್ಲಿಟ್ಟುಕೊಂಡಿದ್ದ ಒಂದನ್ನು ಬಾಲರಾಜುವೇ ತಂದು ರಾಶಿಗೆ ಹಾಕಿ ಮುನ್ನೂರು ಭರ್ತಿ ಮಾಡಿದ.

ಅಷ್ಟರಲ್ಲಿ ಪಕ್ಕದ ಮನೆಯ ನಜೀರ್ ಬಂದ. ಅವನೂ ಗೊಂಬೆ ಕೆಲಸದವನೇ, ಕೈ ಸುಮ್ಮನಿರದು. ಒಂದು ಹುಂಡಿಗೆ ರೂಪಾಯಿ ಹಾಕಿ ಅಲ್ಲಾಡಿಸಿದ.

"ಸದ್ದು ಚೆಂದಾಗೈತೆ ಕಣ್ಲಾ. ಈಗ ಕಾಸು ತಗಿಯೋದೆಂಗೆ?"

"ಒಡುದ್ರಾಯ್ತು."

"ಮರಾನಾ?"

ಬಾಲರಾಜು ನಕ್ಷೆ ತಂದು ಆ ದುಂಡನೆಯ ಕಲೆಯನ್ನು ಉಗುರಿನಿಂದ ಕೆರೆದ; ಕಲೆ ಹೋಗಲಿಲ್ಲ.

ಗಳಿಗೆಯಲ್ಲಿ ಬೀದಿಯೆಲ್ಲ ಸೇರಿತು. ಎದುರುಮನೆಯ ಗಂಗಹನುಮಯ್ಯನವರು ಸೊಸೆಯ ಹೇರ್‌ಪಿನ್ನು ತಂದು ಆ ರೂಪಾಯಿಯನ್ನು ಕೆದಕಿದರು. ಪಿನ್ನೂ ಒಳಗೆ ಹೋಯಿತು. ತಳಕ್ಕೆ ತೂತು ಕೊರೆಯೋಣವೆಂದು ಲೇತ್ ಹಾಕಿದರೆ ಕರೆಂಟು ಹೋಯಿತು.

"ಏಜೆಂಟು ಕೈಗೆತ್ಕಳಕ್ಕೇ ಬುಡ್ಬ್ಯಾಡ ಕಣ್ಲಾ!" ಎಂದ ನಜೀರ್.

ವೀರೇಂದ್ರ ಬಂದು ಹುಂಡಿಯತ್ತ ಕೈ ಚಾಚಿದಾಗಲೆಲ್ಲ ಬಾಲರಾಜು ಆ ಕೈಗೆ ಏನಾದರೊಂದು ಕೊಟ್ಟ. ಮೊದಲು ಕಾಫಿ, ಆಮೇಲೆ ಎಳನೀರು, ಮತ್ತೆ ಕಾಫಿ. ನಾಲ್ಕನೆಯ ಸಲಕ್ಕೆ ಕೊಡಲು ಏನೂ ಉಳಿಯದೆ ಕಾಲಿಗೇ ಬಿದ್ದ.

"ತಪ್ಪಾಯ್ತು ಸಾರ್!"

"ನಿಮ್ದೇನು ತಪ್ಪು ಬಾಲರಾಜು ಅವ್ರೇ? ಆ ಬ್ಯಾಂಕೇ ಮುಚ್ಚೋಯ್ತು. ಹೇಗೆ ಹೇಳೋದು ಅಂತಾನೇ ಒದ್ದಾಡ್ತಿದ್ದೆ" ಎಂದ ವೀರೇಂದ್ರ. "ಮನೆ ಕೊಳ್ಳಕ್ಕೆ ಅಂತ ಕಂಡಕಂಡೋರಿಗೆ ಸಾಲ ಕೊಟ್ರು. ಅವ್ರು ತೀರಿಸ್ಲಿಲ್ಲ. ಜನ ಹೆದರಿ ತಮ್ಮ ದುಡ್ಡು ತೆಗೆಯಕ್ಕೆ ಓಡಿದ್ರೆ ಒಳಗೆ ದುಡ್ಡೇ ಇಲ್ಲ. ಈಗ ಯಾರೂ ಏನೂ ಕೊಳ್ತಿಲ್ಲ, ಕಾರ್ಖಾನೆಗಳು ನಿಲ್ತಿವೆ. ಇಲ್ಲಿ ನಮ್ಮ ಬಿಡದಿ ಕಾರ್ಖಾನೆಗಳವರೆಗೂ ಬಿಸಿ ತಟ್ಟಿದೆ. ಇದನ್ನೇ ರಿಸೆಷನ್ ಅನ್ನೋದು."

"ಹಾಕ್ಬೋದು, ತಗಿಯಂಗಿಲ್ಲ! ನಮ್ ಬಾಲರಾಜನ್ ಹುಂಡಿ ನೋಡ್ಕಂಡೇ ಕಟ್ಟವ್ರೆ ಆ ಬ್ಯಾಂಕ" ಎಂದ ನಜೀರ್.

"ಅಡ್ವಾನ್ಸು ಸಾರ್?"

"ವಾಪಸ್ ಕೇಳಕ್ಕೆ ಅಲ್ಲಿ ಯಾರಿದಾರೆ? ಇಟ್ಕೊಳ್ಳಿ."

ಅಮೆರಿಕ ಯಾವ ದಿಕ್ಕೆಂದು ತಿಳಿಯದೆ ಬಾಲರಾಜು ನಾಲ್ಕೂ ದಿಕ್ಕಿಗೆ ಕೈಮುಗಿದ.

ಮಾಲು ಮಾತ್ರ ಹಾಗೇ ಉಳಿಯಿತು. ಆಗ ನಜೀರನ ಹೆಂಡತಿ ತಾಹೇರಾ ಮುಂದೆ ಬಂದಳು. "ಬಾಲಣ್ಣ, ನಂಗೊಂದು ಕೊಡಿ. ಗಂಡಸ್ರ ಕೈಗೆ ಸಿಗ್ದಿರೋ ಹುಂಡಿ ಬ್ಯಾರೆ ಎಲ್ಲೈತೆ?" ಈ ಗುಣ ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ಬೀದಿಯ ಹೆಂಗಸರೆಲ್ಲ ಕುಕ್ಕೆಗಳಲ್ಲಿ ಹುಂಡಿ ತುಂಬಿಕೊಂಡು ಊರಿನ ಮಹಿಳಾ ಸಂಘಗಳಿಗೆಲ್ಲ ಹೊತ್ತರು. ಒಂದಕ್ಕೆ ಇಪ್ಪತ್ತು ರೂಪಾಯಿಯಂತೆ, ದೀಪ ಹಚ್ಚುವ ಹೊತ್ತಿಗೆ ಇನ್ನೂರ ತೊಂಬತ್ತೊಂಬತ್ತು ಖರ್ಚಾದವು. ಪಿನ್ನು ನುಂಗಿದ ಒಂದು ಮಾತ್ರ ಯಾರಿಗೂ ಬೇಡವಾಯಿತು.

ಒಂದು ಪೈಸೆ ಇಟ್ಟುಕೊಳ್ಳದೆ ತಾಹೇರಾ ದುಡ್ಡು ತಂದು ಕೈಗಿಟ್ಟಾಗ ಬಾಲರಾಜುವಿಗೆ ಕಣ್ಣು ತುಂಬಿ ಬಂತು. ಎಂಥ ಜನ ನನ್ನ ಬೀದಿಯವರು! ಇವರ ಋಣ ಹೇಗೆ ತೀರಿಸಲಿ ಅನ್ನಿಸಿತು.

"ಪ್ರತಿಮಾ, ಅಡ್ವಾನ್ಸ್ ದುಡ್ಡು ತಕಬಾ. ಎಲ್ಡೂ ಸೇರ್ಸಿ ನಾಳೇನೇ ಲೇತ್ ತರವಾ."

ಪ್ರತಿಮಾ ದೇವರ ಗೂಡಿನ ಮುಂದೆ ನಿಂತೇ ಇದ್ದಳು.

"ಇಲ್ಲಿದ್ದ ಹುಂಡಿ ಎಲ್ರೀ?"

"ಬೆಳಗ್ಗೇನೆ ರಾಶಿಗಾಕ್ದೆ. ಯಾಕೆ?"

"ಕಳ್ಳನ ಕೈಗೂ ಸಿಗಾಕಿಲ್ಲ ಅಂದ್ರಲ್ಲ... ಐನೂರರ ಹನ್ನೆರಡು ನೋಟೂ ಮಡ್ಚಿ ಅದ್ರೊಳಕ್ಕೇ ಹಾಕಿದ್ದೆ."

ಬಾಲರಾಜು ಕೊಡಲಿ ಹಿಡಿದು ಬೀದಿಗೆ ಓಡಿದ. ಎಲ್ಲ ಹುಂಡಿಯೂ ಕೆಂಪು, ಎಲ್ಲದರಲ್ಲೂ ಆಗಲೇ ಒಂದೆರಡು ಕಾಸು, ಅಲ್ಲಾಡಿಸಿದರೆ ನೋಟಿನದಂತೂ ಸದ್ದಿಲ್ಲ. ಒಡೆಯಲು ಒಬ್ಬಳೂ ಒಪ್ಪಲಿಲ್ಲ. "ತುಂಬ್ದಾಗ ಒಡೀತೀವಿ ಬಾಲಣ್ಣ, ನಿಮ್ದು ಸಿಕ್ರೆ ಖಂಡಿತ ತಂದ್ಕೊಡ್ತೀವಿ" ಎಂದಳು ತಾಹೇರಾ. "ಇಂಥ ಗಟ್ಟಿ ಹುಂಡಿ ಮಾಡ್ಕೊಟ್ಟಿದ್ದೀರ, ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ." ಬಾಲರಾಜುವಿನ ಕೈ ತಾನಾಗಿ ಮುಗಿಯಿತು.

ಸೋತು ಮನೆಗೆ ಬಂದು ಎಣಿಸಿದ. ಕೈಯಲ್ಲಿದ್ದದ್ದು ಅಡ್ವಾನ್ಸಿಗಿಂತ ಇಪ್ಪತ್ತು ರೂಪಾಯಿ ಕಡಿಮೆ.

"ಪೂರ್ತಿ ಮುಳುಗಲಿಲ್ವಲ್ಲ, ಅದೇ ಪುಣ್ಯ" ಎಂದಳು ಪ್ರತಿಮಾ. "ಕೊಡಿ ಇಲ್ಲಿ, ಭದ್ರವಾಗಿ ಇಡ್ತೀನಿ."

ಬಾಲರಾಜು ದುಡ್ಡನ್ನು ಎದೆಗವಚಿಕೊಂಡು ತಲೆಯೆತ್ತಿ ನೋಡಿದ. ಅವಳ ಇನ್ನೊಂದು ಕೈಯಲ್ಲಿ ಉಳಿದಿದ್ದ ಆ ಒಂದು ಹುಂಡಿ ಇತ್ತು. ಒಳಗೆ ನಜೀರನ ರೂಪಾಯಿ ಟಣ್ಣೆಂದಿತು.